ಸತ್ಯಮ್ಮನ ಗಿರಣಿಯ ಬೋಲ್ಟು

ಹಲಬರ್ಗಾದಲ್ಲಿ ಸತ್ಯಮ್ಮ ಎಂಬ ಹೆಸರಿನವರು ಹಲವರಿದ್ದಾರೆ. ಗಿರಣಿ ಸತ್ಯಮ್ಮ ಮಾತ್ರ ಒಬ್ಬಳೇ. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಅವಳ ಹಿಟ್ಟಿನ ಗಿರಣಿ, ಅದನ್ನು ತಿರುಗಿಸುವ ಹಳೆಯ ಡೀಸೆಲ್ ಇಂಜಿನ್. ಗಂಡ ದತ್ತಾತ್ರಿಗೆ ಕುರಿ ಬಿಟ್ಟರೆ ಬೇರೆ ಯಾವುದರ ಗೊಡವೆಯೂ ಇಲ್ಲ. ರಾಶಿ ಮುಗಿದು ಹೊಲಗಳು ಬಯಲಾದವೆಂದರೆ ಅವನು ಹಿಂಡು ಹೊಡೆದುಕೊಂಡು ಔರಾದ ಕಡೆ ಹೋಗಿಬಿಡುತ್ತಾನೆ. ಅಲ್ಲಿ ರೈತರು ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ, ಅವನಿಗೂ ಕುರಿಗೂ ಊಟ ಅಲ್ಲೇ, ನಿದ್ದೆಯೂ ಅಲ್ಲೇ. ಹಾಗಾಗಿ ಮಾವ ಗಿರಣಿ ಹಾಕಿಸಿದಾಗ ಇಂಜಿನ್ನಿನ ವಿದ್ಯೆಯನ್ನು ಮಗನಿಗೆ ಕಲಿಸದೆ ಸೊಸೆಗೆ ಕಲಿಸಿದ. ಹ್ಯಾಂಡಲ್ ಹೇಗೆ ಹಿಡಿಯಬೇಕು, ಹೊಗೆಯ ಬಣ್ಣ ನೋಡಿ ಏನು ತಿಳಿಯಬೇಕು, ಪಾನಾ ಹಾಕಿ ಬೋಲ್ಟು ಎಷ್ಟು ಬಿಗಿದರೆ ಸಾಕು, ಎಷ್ಟಾದರೆ ಮುರಿಯುತ್ತದೆ, ಎಲ್ಲವನ್ನೂ. ಆಗ ಅವಳ ಕೈಯಲ್ಲಿ ಇನ್ನೂ ಮದುವೆಯ ಹಸಿರು ಬಳೆಗಳಿದ್ದವು. ಹ್ಯಾಂಡಲ್ ತಿರುಗಿಸುವಾಗ ಒಡೆಯುತ್ತವೆಂದು ಅವಳೇ ಬಿಚ್ಚಿಟ್ಟಳು.

ಅಂದಿನಿಂದ ಅವಳು ಆ ಶೆಡ್ಡಿಗೆ ಕಟ್ಟುಬಿದ್ದಳು. ಮೂರು ಫೇಸಿನ ಕರೆಂಟು ಬರುವ ಹೊತ್ತಿಗೆ ಊರು ಮಲಗಿರುತ್ತದೆ, ಊರು ಎದ್ದಿರುವ ಹೊತ್ತಿಗೆ ಕರೆಂಟು ಇರುವುದಿಲ್ಲ. ಹಾಗಾಗಿ ಹಗಲು ಜೋಳ ಬೀಸಬೇಕೆಂದರೆ ಸತ್ಯಮ್ಮನ ಇಂಜಿನ್ನೇ ಗತಿ. ತವರಿಗೆ ಹೋದರೂ ಸಂಜೆಯೊಳಗೆ ತಿರುಗಿ ಬರುತ್ತಿದ್ದಳು. ತಂಗಿಯ ಮದುವೆಯಲ್ಲಿ ಅಕ್ಷತೆ ಹಾಕಿದವಳೇ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದಳು. ಅದನ್ನು ಯಾರೂ ಅವಳ ಮೇಲೆ ಹೇರಲಿಲ್ಲ. ಬುಟ್ಟಿಯಲ್ಲಿ ಜೋಳ ಹೊತ್ತುಕೊಂಡು ಬಂದವರು ಬಾಗಿಲಲ್ಲಿ ನಿಂತಿರುತ್ತಾರಲ್ಲ ಎಂಬ ಯೋಚನೆಯೇ ಅವಳನ್ನು ಎಳೆದು ತರುತ್ತಿತ್ತು.

ಹಿಟ್ಟಿನ ಧೂಳು ಮೊದಲು ಹುಬ್ಬಿನ ಮೇಲೆ ಕೂತಿತು, ಆಮೇಲೆ ಎದೆಯೊಳಗೆ ಇಳಿಯಿತು. ಮಗ ಅಮೋಲ್ ಬೀದರಿನ ಧಾನ್ಯ ಮಾರುಕಟ್ಟೆ ಗಾಂಧಿ ಗಂಜಿನಲ್ಲಿ ಒಬ್ಬ ಅಡತಿಯ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸೊಸೆ ಮೇಘಾ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮೈಲೂರಿನಲ್ಲಿ ಮಹಡಿ ಮೇಲೆ ಎರಡು ಕೋಣೆಯ ಬಾಡಿಗೆ ಮನೆ. ಅವರ ಮಗಳು ಭಾಗಿ ಆಗಷ್ಟೇ ನಡೆಯಲು ಕಲಿತಿದ್ದಳು. ದೀಪಾವಳಿಯ ನಂತರ ಅಮೋಲ್ ತಾಯಿಯನ್ನು ಬೀದರಿಗೆ ಕರೆಸಿ ಡಾಕ್ಟರಿಗೆ ತೋರಿಸಿದ. ಎದೆಯ ಫೋಟೋ ತೆಗೆದರು. ಡಾಕ್ಟರು ಅಮೋಲನನ್ನು ಒಬ್ಬನನ್ನೇ ಒಳಗೆ ಕರೆದು ಮಾತಾಡಿದರು. ಹೊರಗೆ ಬಂದವನು, "ಏನಿಲ್ಲಬೇ, ಧೂಳಿನಾಗ ಕಡಿಮಿ ನಿಂದ್ರು ಅಂದಾರ" ಎಂದಷ್ಟೇ ಹೇಳಿದ. ಸತ್ಯಮ್ಮ ಗುಳಿಗೆ ತೆಗೆದುಕೊಂಡು ಊರಿಗೆ ಬಂದಳು, ಮರುದಿನ ಇಂಜಿನ್ ಹಚ್ಚಿದಳು.

ಸಂಕ್ರಾಂತಿಗೆ ಊರಿಗೆ ಬಂದ ಅಮೋಲ್, ಇಂಜಿನ್ ತಡೆತಡೆದು ಓಡುತ್ತಿರುವುದನ್ನು ಕೇಳಿ, "ಜಾಲಿ ತುಂಬ್ಯಾದ, ತೊಳೀತೇನಿ" ಎಂದು ಡೀಸೆಲ್ ಸೋಸುವ ಆ ಜಾಲಿಯನ್ನು ತೆಗೆಯಲು ಕೊಳವೆ ಬಿಚ್ಚಿದ. ಆ ಕೊಳವೆಯನ್ನು ಪಂಪಿಗೆ ಹಿಡಿದಿಡುವುದು ಒಂದು ಪೊಳ್ಳು ಬೋಲ್ಟು. ಒಳಗೆ ಕೊರೆದಿರುತ್ತದೆ, ಪಕ್ಕದಲ್ಲಿ ತೂತಿರುತ್ತದೆ. ಡೀಸೆಲ್ಲು ಅದರ ಹೊಟ್ಟೆಯೊಳಗಿಂದಲೇ ಹಾದು ಪಂಪು ಸೇರಬೇಕು. ಅಮೋಲ್ ಅದನ್ನು ಪೇಪರಿನ ಮೇಲಿಟ್ಟು ಜಾಲಿ ತೊಳೆದ. ಎಳ್ಳುಬೆಲ್ಲ ಕೊಡಲು ಬಂದವರು, ಅಂಗಳದಲ್ಲಿ ಕೋಳಿಗಳು, ಓಡಾಡುವ ಭಾಗಿ. ತಿರುಗಿ ನೋಡುವಷ್ಟರಲ್ಲಿ ಬೋಲ್ಟು ಇರಲಿಲ್ಲ.

ಎಲ್ಲರೂ ಹುಡುಕಿದರು. ಸತ್ಯಮ್ಮ ಅಂಗಳದ ಮಣ್ಣನ್ನು ಜರಡಿ ಹಿಡಿದಳು. ತೌಡಿನ ಚೀಲಗಳನ್ನು ಕೊಡವಿದಳು. ಸಿಗಲಿಲ್ಲ. ಅದು ಎಲ್ಲಿ ಹೋಯಿತೆಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಅಮೋಲ್ ಬೈಕಿನಲ್ಲಿ ಭಾಲ್ಕಿಗೆ ಹೋಗಿ ಅಂದಾಜಿನ ಮೇಲೆ ಒಂದು ಪೊಳ್ಳು ಬೋಲ್ಟು ತಂದ. ನೋಡಲು ಕಳೆದುಹೋದದ್ದರ ಹಾಗೆಯೇ ಇತ್ತು. ಸತ್ಯಮ್ಮ ಅದನ್ನು ಬೆರಳಿನಿಂದ ತಿರುಗಿಸಿದಳು. ಎರಡು ಸುತ್ತು ಒಳಗೆ ಹೋಗಿ ಗಟ್ಟಿಯಾಗಿ ನಿಂತಿತು. ಅಮೋಲ್ ಪಾನಾ ತೆಗೆದುಕೊಂಡ.

"ಬ್ಯಾಡ" ಎಂದು ಅವಳು ಅವನ ಕೈ ಹಿಡಿದಳು. "ಚೂಡಿ ಬ್ಯಾರೆ ಅದ. ಜೋರ್ ಮಾಡಿದ್ರ ಪಂಪಿನ ಚೂಡಿನೇ ಕೆತ್ತಿ ಹೋಗ್ತದ. ಆಮ್ಯಾಗ ಪಂಪೇ ಹೋಯ್ತು."

ಬೋಲ್ಟಿನ ಮೈಮೇಲೆ ಸುತ್ತಿಕೊಂಡ ಗೆರೆಗಳನ್ನು ಅಲ್ಲಿಯವರು ಚೂಡಿ ಎನ್ನುತ್ತಾರೆ. ದಪ್ಪ ಒಂದೇ ಇದ್ದರೂ ಗೆರೆಗಳ ನಡುವಿನ ಅಂತರ ಕೂದಲೆಳೆಯಷ್ಟು ಬೇರೆಯಾದರೆ ಬೋಲ್ಟು ಕೂರುವುದಿಲ್ಲ. ಮಾವ ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದನೆಂದು ಸತ್ಯಮ್ಮನಿಗೆ ನೆನಪಿತ್ತು. ಬಟ್ಟೆ ಒಗೆಯುವ ಸಾಬೂನಿನ ಗಟ್ಟಿಯ ಒಂದು ತುದಿಯನ್ನು ಚಾಕುವಿನಿಂದ ಬೆರಳಿನಂತೆ ಕೆತ್ತಿ, ಅಂಗೈಯಲ್ಲಿ ಬಿಸಿ ಮಾಡಿ, ಪಂಪಿನ ತೂತಿಗೆ ಒತ್ತಿ ಮೆಲ್ಲಗೆ ತಿರುಗಿಸಿದಳು. ತಿರುಗಿಸುತ್ತಲೇ ಹೊರಗೆ ತೆಗೆದಳು. ಸಾಬೂನಿನ ಮೇಲೆ ಚೂಡಿಯ ಅಚ್ಚು ಮೂಡಿತ್ತು. ತೂತನ್ನು ಡೀಸೆಲ್ಲಿನಿಂದ ತೊಳೆದು, ಬಟ್ಟೆ ತುರುಕಿ, ಅಚ್ಚನ್ನು ಕಾಗದದಲ್ಲಿ ಸುತ್ತಿ ಮಗನ ಕೈಗೆ ಕೊಟ್ಟಳು.

"ಇದನ್ನ ತೋರ್ಸಿ ಕೇಳು. ಬೀದರದಾಗ ಸಿಗ್ತದ."

"ಸಿಗೋತನ ನೀ ಇಲ್ಲಿ ಒಬ್ಬಾಕಿ ಕುಂತು ಏನ್ ಮಾಡ್ತಿ? ಅಪ್ಪ ಔರಾದದಾಗ ಅದಾನ. ನಡಿ ನಮ್ಮ ಕೂಡ. ಮೇಘಾಗೂ ಆಸರ ಆಗ್ತದ" ಎಂದ ಅಮೋಲ್.

ಇಂಜಿನ್ ನಿಂತ ಮೇಲೆ ಇಲ್ಲವೆನ್ನಲು ಅವಳಲ್ಲಿ ಕಾರಣವೇ ಉಳಿಯಲಿಲ್ಲ. ಎರಡು ಸೀರೆ ಚೀಲಕ್ಕೆ ಹಾಕಿಕೊಂಡಳು. ಏಕೋ ಏನೋ, ಭಾಲ್ಕಿಯ ಆ ಕೂರದ ಬೋಲ್ಟನ್ನೂ ಅದೇ ಚೀಲದ ತಳಕ್ಕೆ ಹಾಕಿದಳು.

ಮೈಲೂರಿನ ಮನೆಯ ಮೆಟ್ಟಿಲ ಬಾಯಿಗೆ ಕಬ್ಬಿಣದ ಜಾಲರಿ ಬಾಗಿಲಿತ್ತು. ಭಾಗಿ ಮೆಟ್ಟಿಲಿಳಿದು ಬಿದ್ದಾಳೆಂದು ಹಾಕಿಸಿದ್ದು. ಬೆಳಿಗ್ಗೆ ಮೇಘಾ ಡಬ್ಬಿ ಕಟ್ಟಿಕೊಂಡು ಹೊರಡುವಾಗ ಹೊರಗಿನಿಂದ ಚಿಲಕ ಎಳೆಯುತ್ತಿದ್ದಳು. ಒಳಗಿನಿಂದಲೂ ಕೈ ತೂರಿಸಿ ತೆಗೆಯಬಹುದಿತ್ತು, ಬೀಗವೇನೂ ಇರಲಿಲ್ಲ. ಆದರೆ ತೆಗೆದು ಎಲ್ಲಿಗೆ ಹೋಗುವುದು? ಕೂಸು ಎದ್ದರೆ ಉಣಿಸಬೇಕು, ಉಂಡರೆ ಆಡಿಸಬೇಕು, ಆಡಿದರೆ ಮಲಗಿಸಬೇಕು. ಮಲಗಿದಾಗ ಸಪ್ಪಳ ಮಾಡಬಾರದು. ಕಿಟಕಿಯಿಂದ ಕಾಣುತ್ತಿದ್ದುದು ಎದುರು ಮನೆಯ ನೀರಿನ ಟಾಕಿ, ಅದರ ಮೇಲೆ ಕೂರುವ ಪಾರಿವಾಳಗಳು. ಊರಿನಲ್ಲಿ ಇಂಜಿನ್ನಿನ ಗದ್ದಲದಲ್ಲಿ ಕೂಗಿ ಕೂಗಿ ಮಾತಾಡಿದವಳಿಗೆ ಇಲ್ಲಿ ತನ್ನ ದನಿ ತನಗೇ ಹೆಚ್ಚೆನಿಸುತ್ತಿತ್ತು. ಗಾಳಿ ಶುದ್ಧವಿತ್ತು, ಕೆಮ್ಮು ಕಡಿಮೆಯಾಗುತ್ತಿತ್ತು. ಆದರೂ ಮಧ್ಯಾಹ್ನ ಬಿಸಿಲು ಏರಿದಾಗ ಎದೆಯ ಮೇಲೆ ಯಾರೋ ಬೀಸುವ ಕಲ್ಲಿಟ್ಟಂತೆ ಆಗಿ ಅವಳು ಬಾಗಿಲಿಗೆ ಬಂದು ಜಾಲರಿ ಹಿಡಿದು ನಿಲ್ಲುತ್ತಿದ್ದಳು.

ಕೆಳಗಿನ ಮನೆಯ ಅಜೀಜಾ ಬೇಗಂ ಅಂಗಳದಲ್ಲಿ ಬಟ್ಟೆ ಒಣಹಾಕುವಾಗ ತಲೆಯೆತ್ತಿ ಕೇಳುತ್ತಿದ್ದಳು: "ಏನ್ ನಿಂತೀರಿ ಅಕ್ಕಾ?"

"ಹಿಂಗೇರಿ ಆಪಾ, ಸುಮ್ಮನ" ಎನ್ನುತ್ತಿದ್ದಳು ಸತ್ಯಮ್ಮ.

ಹಲಬರ್ಗಾದಿಂದ ಶಾಲುಬಾಯಿ ಫೋನು ಮಾಡುತ್ತಿದ್ದಳು. ಶಾಲುಬಾಯಿಯದು ದೊಡ್ಡ ಕುಟುಂಬ, ದಿನವೂ ಬುಟ್ಟಿಗಟ್ಟಲೆ ರೊಟ್ಟಿ ಬೇಯಬೇಕು. "ಹಿಟ್ಟು ಬೀಸಾಕ ಭಾಲ್ಕಿಗಿ ಹೋಗ್ಲತ್ತೇವ್ರಿ. ಬಸ್ಸಿನಾಗ ಜೋಳದ ಚೀಲ ಹತ್ಸಿಕೊಂಡು ಸಾಕಾಗ್ಯಾದ. ಯಾವಾಗ ಬರ್ತೀರಿ?" ಸತ್ಯಮ್ಮ ಸಂಜೆ ಮಗ ಬಂದೊಡನೆ ಕೇಳುತ್ತಿದ್ದಳು, ಸಿಕ್ತೇನು? ಅಮೋಲ್ ಚಪ್ಪಲಿ ಬಿಡುತ್ತ, "ಇಲ್ಲಬೇ, ಗಂಜಿನ ಸುತ್ತಮುತ್ತ ಎಲ್ಲಾ ಕೇಳ್ದೆ. ಹಳೀ ಇಂಜಿನ್, ಅದರ ಚೂಡಿ ಈಗ ಯಾರೂ ಮಾಡಂಗಿಲ್ಲಂತ" ಎನ್ನುತ್ತಿದ್ದ. ಇನ್ನೊಮ್ಮೆ, "ಹೈದರಾಬಾದಿಗಿ ಹೇಳ್ಯಾರ, ನೋಡಮು" ಎಂದ. ಔರಾದದಿಂದ ದತ್ತಾತ್ರಿಯ ಫೋನು ಬಂದಾಗ ಅವನಿಗೂ ಹೇಳಿ ನೋಡಿದಳು. ಹಿಂದೆ ಕುರಿಗಳು ಕೂಗುತ್ತಿದ್ದವು. "ಇರು ಅಲ್ಲೇ, ಆರಾಮ ಇರು. ನಾ ಬಂದ ಮ್ಯಾಗ ನೋಡಮು" ಎಂದು ಅವನು ಇಟ್ಟುಬಿಟ್ಟ. ಎಲ್ಲರೂ ಅವಳ ಒಳ್ಳೆಯದನ್ನೇ ಹೇಳುತ್ತಿದ್ದರು. ಯಾರ ಮೇಲೆ ಸಿಟ್ಟಾಗುವುದೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಒಂದು ದಿನ ಭಾಗಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡಳು. ಅದನ್ನು ಒಗೆದು ಹಾಕಲು ಸತ್ಯಮ್ಮ ಬಚ್ಚಲಿಗೆ ಹೋದಳು. ಡಬ್ಬಿಯಲ್ಲಿ ಸಾಬೂನಿರಲಿಲ್ಲ. ಕೈಯೆತ್ತಿ ಗೂಡಿನಲ್ಲಿ ತಡಕಿದಾಗ ಒಂದು ತುಂಡು ಸಿಕ್ಕಿತು. ನೀರು ಹಾಕಿ ಅಂಗಿಗೆ ತಿಕ್ಕಿದಳು. ತಿಕ್ಕುವಾಗ ಬೆರಳಿಗೆ ಏನೋ ತೊಡರಿದಂತಾಯಿತು.

ತಿರುಗಿಸಿ ನೋಡಿದಳು. ಚಾಕುವಿನಿಂದ ಕೆತ್ತಿದ ಬೆರಳಿನಂಥ ತುದಿ. ಒಂದು ಮಗ್ಗುಲು ಪೂರ್ತಿ ಸವೆದು ನುಣ್ಣಗಾಗಿತ್ತು. ಇನ್ನೊಂದು ಮಗ್ಗುಲಲ್ಲಿ ನಾಲ್ಕೈದು ಗೆರೆಗಳು ಉಳಿದಿದ್ದವು.

ಅವಳು ಅಂಗಿಯನ್ನು ಬಕೆಟ್ಟಿಗೆ ಬಿಟ್ಟು ಬಚ್ಚಲ ಹೊಸ್ತಿಲ ಮೇಲೆ ಕೂತಳು. ಇದು ಅಂಗಡಿಗಳಿಗೆ ಹೋಗಿಲ್ಲ. ಯಾರ ಕೈಗೂ ಹೋಗಿಲ್ಲ. ಮೇಘಾ ಪಾಪ, ಕಾಗದ ಬಿಚ್ಚಿ ಸಾಬೂನೆಂದುಕೊಂಡು ಗೂಡಿಗಿಟ್ಟಿದ್ದಾಳೆ, ಒಗೆಯಲು ಬಳಸಿದ್ದಾಳೆ. ಅವಳಿಗೇನು ಗೊತ್ತು? ಆದರೆ ಅಮೋಲನಿಗೆ ಗೊತ್ತು. ಗಂಜೆಲ್ಲ ಕೇಳಿದೆ ಎಂದವನು, ಹೈದರಾಬಾದಿಗೆ ಹೇಳಿದ್ದಾರೆ ಎಂದವನು. ಭಾಗಿ ಬಂದು ಅವಳ ಬೆನ್ನಿಗೆ ಜೋತುಬಿದ್ದು, "ಆಯೀ, ಆಯೀ" ಎಂದು ಅಜ್ಜಿಯನ್ನು ಕರೆದಳು. ಸತ್ಯಮ್ಮ ಸಾಬೂನನ್ನು ಸೆರಗಿನಲ್ಲಿ ಒರೆಸಿ, ಒಣಗಲು ಕಿಟಕಿಯಲ್ಲಿಟ್ಟಳು. ಆ ಸಂಜೆ ಅಮೋಲ್ ಬಂದಾಗ ಮೊದಲ ಬಾರಿಗೆ ಅವಳು ಬೋಲ್ಟಿನ ಸುದ್ದಿ ಎತ್ತಲಿಲ್ಲ. ಅವನೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ನೆಮ್ಮದಿಯಿಂದ ಉಂಡ.

ಮರುದಿನ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಸತ್ಯಮ್ಮ ಸೀರೆ ಸರಿಮಾಡಿಕೊಂಡು, ಸಾಬೂನನ್ನೂ ಭಾಲ್ಕಿಯ ಬೋಲ್ಟನ್ನೂ ಚೀಲಕ್ಕೆ ಹಾಕಿ, ಕೂಸನ್ನು ಬಗಲಿಗೆತ್ತಿಕೊಂಡು ಜಾಲರಿಯೊಳಗಿಂದ ಕೈ ತೂರಿಸಿದಳು. ಚಿಲಕ ತುಕ್ಕು ಹಿಡಿದಿತ್ತು. ಎಳೆದಾಗ ದೊಡ್ಡ ಸಪ್ಪಳವಾಯಿತು.

"ಎಲ್ಲಿಗಿ ಹೊಂಟೀರಿ ಅಕ್ಕಾ, ಈ ಬಿಸ್ಲಾಗ?" ಅಜೀಜಾ ಬೇಗಂ ಬಾಗಿಲಿಗೆ ಬಂದಳು.

"ಗಂಜಿಗಿ ಹೋಗಿ ಬರ್ತೇನ್ರಿ ಆಪಾ. ಇಂಜಿನ್ನಿನ ಒಂದು ಬೋಲ್ಟ್ ಬೇಕಾಗ್ಯಾದ."

"ಕೂಸಿಗಿ ಇಲ್ಲೇ ಬಿಟ್ಟು ಹೋಗ್ರಿ. ನಮ್ಮ ಮೊಮ್ಮಕ್ಕಳ ಕೂಡ ಆಡ್ತದ."

ಸತ್ಯಮ್ಮ ಅನುಮಾನಿಸಿದಳು. ತನ್ನ ಪಾಲಿನ ಕೆಲಸವನ್ನು ಇನ್ನೊಬ್ಬರ ಮೇಲೆ ಹಾಕಿ ಗೊತ್ತಿರಲಿಲ್ಲ. "ಇಲ್ರಿ, ಅಳ್ತಾಳ" ಎಂದು ಎತ್ತಿಕೊಂಡೇ ನಡೆದಳು.

ಗಾಂಧಿ ಗಂಜಿನಲ್ಲಿ ತೊಗರಿಯ ರಾಶಿಗಳು, ಅಡ್ಡಾದಿಡ್ಡಿ ನಿಂತ ಲಾರಿಗಳು, ಬೆನ್ನ ಮೇಲೆ ಚೀಲ ಹೊತ್ತು "ಸರೀರಿ, ಸರೀರಿ" ಎಂದು ಓಡುವ ಹಮಾಲರು. ಅಮೋಲನ ಅಂಗಡಿ ಯಾವುದೆಂದು ಅವಳಿಗೆ ಗೊತ್ತಿತ್ತು. ಅದರ ಮುಂದೆ ಹೋಗದೆ ಬಳಸಿಕೊಂಡು ಹಿಂದಿನ ಓಣಿಗೆ ಹೋದಳು. ಮೈಯೆಲ್ಲ ಬೆವರಿತ್ತು. ಸ್ವಂತ ಮಗನ ಕಣ್ಣು ತಪ್ಪಿಸಿ ಕಳ್ಳಿಯ ಹಾಗೆ ಹೋಗುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಒಬ್ಬ ಹಮಾಲನನ್ನು ಕೇಳಿದಾಗ ಅವನು ಬೆರಳು ತೋರಿಸಿದ್ದು ಆ ಓಣಿಯ ತುದಿಯಲ್ಲಿದ್ದ ಕಬ್ಬಿಣ ಕಡೆಯುವ ಮಕ್ಬೂಲನ ಲೇತ್ ಅಂಗಡಿಯನ್ನು. ಅಮೋಲ್ ಕೂರುವ ಗಾದಿಯ ಹಿಂಗೋಡೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ.

ಮಕ್ಬೂಲ ಗಡ್ಡಕ್ಕೆ ಮೆಹಂದಿ ಹಚ್ಚಿದ, ಕನ್ನಡಕವನ್ನು ಹಣೆಗೇರಿಸಿಕೊಂಡ ಮನುಷ್ಯ. ಲೇತ್ ನಿಲ್ಲಿಸಿ, ಸ್ಟೂಲು ಒರೆಸಿ ಕೊಟ್ಟ. ಸತ್ಯಮ್ಮ ಸಾಬೂನನ್ನು ಅವನ ಮುಂದಿಟ್ಟಾಗ ನಗಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಅಚ್ಚು ಚೊಲೋ ತಗದೀರಿ ಅಮ್ಮಾ. ಯಾರು ಒಗದಾರ ಇದರ್ಲೆ?"

"ಗೊತ್ತಿಲ್ಲದ ಒಗದಾರ್ರಿ. ಉಳದದ್ದು ಇಷ್ಟೇ. ಸಾಕಾಗ್ತದೇನು?"

ಮೊದಲು ಅವನು ಭಾಲ್ಕಿಯ ಬೋಲ್ಟನ್ನು ಕೇಳಿ ತೆಗೆದುಕೊಂಡ. ಅದರ ಗೆರೆಗಳನ್ನು ಸಾಬೂನಿನ ಗೆರೆಗಳಿಗೆ ಮಗ್ಗುಲಾಗಿ ಒತ್ತಿ ಬೆಳಕಿಗೆ ಹಿಡಿದ. "ನೋಡ್ರಿ, ಬೆಳಕು ತೂರ್ಲತ್ತದ. ಮೊದಲಿನ ಹಲ್ಲು ಕುಂತದ, ನಾಕನೇದು ಕೂಡಂಗಿಲ್ಲ. ನಿಮ್ಮ ಈ ಬೋಲ್ಟಿಂದು ಬಾರೀಕ ಚೂಡಿ, ಗೆರಿ ಒತ್ತೊತ್ತಾಗಿ ಅದಾವ. ಎರಡು ಸುತ್ತಿಗಿ ನಿಂತಿರ್ಬೇಕಲ್ಲ?"

"ಹೌದ್ರಿ, ಎರಡೇ ಸುತ್ತು."

"ಜೋರ್ ಮಾಡ್ಲಿಲ್ಲ, ಪಂಪ್ ಉಳೀತು."

ಆಮೇಲೆ ಅವನು ಗೂಡಿನಿಂದ ಬಾಚಣಿಗೆಯಂಥ ಸಣ್ಣ ಹಲ್ಲಿನ ಉಕ್ಕಿನ ಪಟ್ಟಿಗಳ ಗೊಂಚಲು ತೆಗೆದ. ಚೂಡಿ ಅಳೆಯುವ ಗೇಜು ಅದು. ಒಂದೊಂದೇ ಪಟ್ಟಿ ಬಿಡಿಸಿ ಸಾಬೂನಿನ ಮೇಲೆ ಹಗುರಾಗಿ ಇಟ್ಟು ನೋಡಿದ. ಒಂದು ಕೂತಂತೆ ಕಂಡಿತು. ಅದನ್ನು ತೆಗೆದು ಇನ್ನೊಂದಿಟ್ಟ, ಅದೂ ಕೂತಂತೆಯೇ ಕಂಡಿತು. ತಲೆ ಕೆರೆದುಕೊಂಡ.

"ಒಂದು ಮಿಲಿಮೀಟರಿಂದು, ಒಂದು ಇಂಚಿಂದು. ಅದು ಒಂದೂವರಿ ಚೂಡಿ, ಅಂದ್ರ ಗೆರಿ ನಡುವ ಒಂದೂವರಿ ಮಿಲಿಮೀಟರ್. ಇದು ಅದಕ್ಕಿಂತ ಒಂದು ಕೂದಲಷ್ಟು ಜಾಸ್ತಿ. ಲೋಹದ ಮ್ಯಾಗ ಇದ್ದಿದ್ರ ಫರಕು ಹೇಳ್ತಿದ್ದೆ. ಸಾಬೂನು ಒಣಗಿ ಕುಗ್ಗತದ. ಖರೆ ಹೇಳ್ಬೇಕಂದ್ರ ನನಗ ಗೊತ್ತಾಗವಲ್ದು." ಇಂಜಿನ್ ಯಾವ ಕಾಲದ್ದು, ಪಂಪು ಎಂದಾದರೂ ಬದಲಾಯಿಸಿದ್ದಾರೆಯೇ ಎಂದು ಕೇಳಿದ. ಮಾವ ತೀರಿಕೊಳ್ಳುವ ಮೊದಲು ಒಮ್ಮೆ ಪಂಪು ಹೊಸದು ಹಾಕಿಸಿದ ನೆನಪು ಅವಳಿಗಿತ್ತು, ಅದು ಎಂಥದ್ದೆಂದು ಗೊತ್ತಿರಲಿಲ್ಲ.

"ಹಂಗಾದ್ರ ಎರಡೂ ಒಯ್ರಿ" ಎಂದು ಮಕ್ಬೂಲ ಎದ್ದ. ಇಂಚಿನದನ್ನು ಎಲ್ಲೋ ಒಳಗಿನ ಪೆಟ್ಟಿಗೆ ತಡಕಿ ಹುಡುಕಿ ತಂದ. ಮಿಲಿಮೀಟರಿನದಕ್ಕೆ ಅಷ್ಟು ಕಷ್ಟಪಡಲಿಲ್ಲ. ಪಕ್ಕದ ಡಾಲ್ಡಾ ಡಬ್ಬಿಯೊಳಗೆ ಕೈಹಾಕಿದ. ಡಬ್ಬಿಯ ತುಂಬ ಅಂಥವೇ ಪೊಳ್ಳು ಬೋಲ್ಟುಗಳು. "ಬೆರಳಿನಿಂದ ಹಚ್ರಿ. ಯಾವುದು ಪಾನಾ ಇಲ್ಲದ ತಳಾತನ ಹೋಗ್ತದ, ಅದು ನಿಮ್ದು. ಇನ್ನೊಂದು ತಿರಗಿ ಕೊಡ್ರಿ."

ಸತ್ಯಮ್ಮನ ಕಣ್ಣು ಆ ಡಬ್ಬಿಯ ಮೇಲೆಯೇ ಇತ್ತು. "ಇಷ್ಟೊಂದು ಅದಾವಲ್ರಿ?"

"ಹದಿನಾಲ್ಕು ಮಿಲಿಮೀಟರ್ ದಪ್ಪಂದು, ಹದಿನಾಲ್ಕರ ಬೋಲ್ಟು, ಒಂದೂವರಿ ಚೂಡಿ. ಟ್ರ್ಯಾಕ್ಟರಿಗಿ, ಲಾರಿಗಿ, ಎಲ್ಲಾಕೂ ಇದೇ ಹತ್ತದ. ಯಾರರೆ ಕೇಳ್ದೋರಿಗಿ ಇಲ್ಲ ಅನ್ನೋ ಮಾಲೇ ಅಲ್ಲ ಇದು." ಅವನು ಮತ್ತೆ ಲೇತ್ ಕಡೆ ತಿರುಗಿದ. ತನ್ನ ಮಾತು ಎಲ್ಲಿ ನಾಟಿತೆಂದು ಅವನಿಗೆ ಗೊತ್ತಾಗುವಂತಿರಲಿಲ್ಲ.

ಓಣಿಯ ತಿರುವಿನಲ್ಲಿ ಅವಳು ಸ್ವಲ್ಪ ಹೊತ್ತು ನಿಂತಳು. ಮೈಲೂರಿಗೆ ಹೋಗಿ, ಕೂಸನ್ನು ಮಲಗಿಸಿ, ಸಂಜೆ ಮಗನ ಮುಂದೆ ಬೋಲ್ಟುಗಳನ್ನಿಟ್ಟು ಮಾತಾಡಬಹುದಿತ್ತು. ಹಾಗೆ ಮಾಡಿದರೆ ಆಗುವುದೇನೆಂದೂ ಅವಳಿಗೆ ಕಾಣುತ್ತಿತ್ತು: ಅಮೋಲ್ ತಲೆತಗ್ಗಿಸುತ್ತಾನೆ, ಮೇಘಾ ಚಹಾ ಮಾಡುತ್ತಾಳೆ, ರವಿವಾರ ಹೋಗಮು ಎನ್ನುತ್ತಾರೆ, ರವಿವಾರ ಏನೋ ಒಂದು ಅಡ್ಡ ಬರುತ್ತದೆ. ಅವಳು ಅಜೀಜಾ ಬೇಗಂಗೆ ಫೋನು ಮಾಡಿ, ಹಲಬರ್ಗಾಕ್ಕೆ ಹೋಗುತ್ತಿದ್ದೇನೆ, ಕೂಸು ನನ್ನ ಕೂಡ ಇದೆ, ಮಕ್ಕಳಿಗೆ ಫೋನು ಮಾಡಿ ಹೇಳಿ ಎಂದಳು. ಅಮೋಲನಿಗೆ ಮಾಡಲು ಧೈರ್ಯ ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದು ಭಾಲ್ಕಿ ಬಸ್ಸು ಹತ್ತಿದಳು.

ಶೆಡ್ಡಿನ ಬಾಗಿಲು ತೆಗೆದಾಗ ಒಳಗೆ ತಣ್ಣಗಿನ ಹುಳಿ ವಾಸನೆ. ಹಿಟ್ಟಿನ ಮೇಲೆ ಇಲಿಯ ಹೆಜ್ಜೆಗಳು ಮೂಡಿದ್ದವು. ಸುದ್ದಿ ತಿಳಿದು ಓಡಿಬಂದ ಶಾಲುಬಾಯಿ ಭಾಗಿಯನ್ನು ಎತ್ತಿಕೊಂಡು ಹೊರಗೆ ನಿಂತಳು. ಸತ್ಯಮ್ಮ ಪಂಪಿನ ಬಾಯಿಗೆ ತುರುಕಿದ ಬಟ್ಟೆ ಕಿತ್ತು, ತೂತನ್ನು ಒರೆಸಿ, ಕೈಗೆ ಸಿಕ್ಕ ಬೋಲ್ಟನ್ನು ಇಟ್ಟಳು. ಅದು ಬಾಯಿ ಹಿಡಿದಂತೆ ಮಾಡಿ ಅಲ್ಲೇ ಬಿಗಿಯಿತು. ಒಂದು ಸುತ್ತೂ ಪೂರ್ತಿ ಆಗಲಿಲ್ಲ. ಮೆಲ್ಲಗೆ ಹಿಂದಕ್ಕೆ ತಿರುಗಿಸಿ ತೆಗೆದು ನೋಡಿದಳು. ಇಂಚಿನದು.

ಇನ್ನೊಂದನ್ನು ಇಟ್ಟಳು. ಮೊದಲು ಹಿಂದಕ್ಕೆ ತಿರುಗಿಸಿ, ಚೂಡಿಯ ಬಾಯಿಗೆ ಚೂಡಿ ಬಿದ್ದದ್ದು ಬೆರಳಿಗೆ ತಿಳಿದ ಮೇಲೆ ಮುಂದಕ್ಕೆ ತಿರುಗಿಸಿದಳು. ಬೋಲ್ಟು ಎಣ್ಣೆ ಹಚ್ಚಿದಂತೆ ಸುತ್ತುತ್ತ ಹೋಯಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಅಲುಗಲಿಲ್ಲ, ತಳ ಮುಟ್ಟಿ ನಿಂತಿತು. ಹದಿನಾಲ್ಕರದು, ಒಂದೂವರಿ ಚೂಡಿ. ಸತ್ಯಮ್ಮನಿಗೆ ಸಂತೋಷವಾಗಬೇಕಿತ್ತು. ಆದರೆ ಆ ಡಬ್ಬಿ ಕಣ್ಣ ಮುಂದೆ ಬಂದು ಅಳು ಬಂತು. ಮಗ ಹೇಳಿದಂತೆ ಎಲ್ಲೂ ಸಿಗದ ಬೋಲ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ತಾಮ್ರದ ವಾಶರು ಹಾಕಿ ಕೊಳವೆ ಜೋಡಿಸಿ, ಒಳಗೆ ಸಿಕ್ಕ ಗಾಳಿಯನ್ನು ಡೀಸೆಲ್ಲಿನ ಗುಳ್ಳೆಗಳು ನಿಲ್ಲುವವರೆಗೆ ಹೊರಗೆ ಬಿಡುತ್ತಿದ್ದಾಗ ಅಂಗಳದಲ್ಲಿ ಬೈಕು ನಿಂತ ಸಪ್ಪಳ ಕೇಳಿತು. ಅಮೋಲ್ ಒಳಗೆ ಬಂದ. ಮುಖ ಕೆಂಪಗಾಗಿತ್ತು.

"ಅವ್ವಾ, ಕೂಸಿನ ತಗೊಂಡು ಹೇಳಲಾರದ ಹಿಂಗ ಬರೋದೇನು? ಮೇಘಾ ಅಳ್ಕೊತ ಕುಂತಾಳ ಅಲ್ಲಿ."

"ಆಪಾಗ ಹೇಳಿ ಬಂದೇನಿ."

"ನನಗ ಹೇಳ್ಬೇಕಿಲ್ಲೇನು?"

ಸತ್ಯಮ್ಮ ಕೈ ಒರೆಸಿಕೊಂಡಳು. "ಬೋಲ್ಟ್ ಸಿಕ್ತು ನೋಡು."

ಅಮೋಲ್ ಪಂಪಿನ ಕಡೆ ನೋಡಿದ. "ಎಲ್ಲಿ?"

"ನೀ ಕೂಡೋ ಗಾದಿ ಹಿಂದ. ಡಬ್ಬಿ ತುಂಬ ಅದಾವ."

ಅವನು ಜೋಳದ ಚೀಲದ ಮೇಲೆ ಕೂತ. ಹೊರಗೆ ಭಾಗಿ ಕೋಳಿ ನೋಡಿ ನಗುತ್ತಿದ್ದಳು.

"ನಾ ಹುಡುಕೇ ಇಲ್ಲಬೇ" ಎಂದ ಕೊನೆಗೆ. "ಬೋಲ್ಟ್ ಕಳದದ್ದು ನಾ ಬೇಕಂತ ಮಾಡಿದ್ದಲ್ಲ, ಖರೆನೇ ಕಳೀತು. ಕಳದ ಮ್ಯಾಗ ನನಗ ಅನಸ್ತು, ಚೊಲೋ ಆಯ್ತು ಅಂತ. ಡಾಕ್ಟರ್ ಏನಂದಾರ ಗೊತ್ತೇನು? ಅರ್ಧ ಎದಿ ಹೋಗ್ಯಾದ, ಇನ್ನ ಧೂಳಿನಾಗ ನಿಂತ್ರ ಉಳಿಯಂಗಿಲ್ಲ ಅಂದಾರ."

ಸತ್ಯಮ್ಮ ಗೋಡೆಗೆ ಒರಗಿದಳು. "ಅದನ್ನ ನನಗ ಯಾಕ ಹೇಳ್ಲಿಲ್ಲ? ನನ್ನ ಎದಿ ಅಲ್ಲೇನು ಅದು?"

"ಹೇಳಿದ್ರ ಗಿರಣಿ ಬಿಡ್ತಿದ್ದೇನು?"

ಬಿಡುತ್ತಿರಲಿಲ್ಲವೇನೋ. ಆದರೆ ಬಾಯಿಂದ ಬಂದದ್ದು ಬೇರೆ ಮಾತು. "ಕೂಸಿನ ನೋಡ್ಕೊಳ್ಳಾಕ ಬಾ ಅಂತ ಕೇಳಿದ್ರ ಬರ್ತಿದ್ದೆ. ಕೇಳ್ಲಿಲ್ಲ ನೀ. ಚಿಲಕ ಹಾಕ್ದಿ."

"ಚಿಲಕ ಕೂಸಿನ ಸಲುವಾಗಿ ಹಾಕಿದ್ದಬೇ..."

"ಗೊತ್ತದ" ಎಂದಳು ಸತ್ಯಮ್ಮ. "ಒಳಗ ನಾನೂ ಇದ್ದೆ."

ಆ ದಿನ ಇಂಜಿನ್ ಹಚ್ಚಿದವನು ಅಮೋಲನೇ. ತಾಯಿಯನ್ನು ಹ್ಯಾಂಡಲ್ ಮುಟ್ಟಗೊಡಲಿಲ್ಲ. ಇಂಜಿನ್ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಹಳೆಯ ಲಯಕ್ಕೆ ಬಂತು. ಬೋಲ್ಟಿನ ಸುತ್ತ ಒಂದು ಹನಿ ಡೀಸೆಲ್ಲೂ ಒಸರಲಿಲ್ಲ. ಸಪ್ಪಳ ಕೇಳಿ ಹೆಂಗಸರು ಬುಟ್ಟಿ ಹೊತ್ತು ಬಂದರು. ಸತ್ಯಮ್ಮ ಸೆರಗನ್ನು ಮೂಗಿಗೆ ಬಿಗಿದುಕೊಂಡು ಬೀಸಲು ನಿಂತಳು, ಎರಡು ಬುಟ್ಟಿ ಮುಗಿಯುವಷ್ಟರಲ್ಲಿ ಕೆಮ್ಮು ಹತ್ತಿತು. ಅಮೋಲ್ ಹೊರಗೆ ಮಗಳನ್ನು ಎತ್ತಿಕೊಂಡು ನಿಂತು ಅದನ್ನು ಕೇಳುತ್ತಿದ್ದ. ಸಂಜೆ ಕೂಸನ್ನು ಕರೆದುಕೊಂಡು ಬೀದರಿಗೆ ಹೋದ. ಹೋಗುವಾಗ, "ಫೋನ್ ಮಾಡು" ಎಂದ.

ಅಂದು ಮಲಗಿದಾಗ ಸತ್ಯಮ್ಮನಿಗೆ ಮೈಲೂರಿನ ಕಿಟಕಿಯ ಗಾಳಿ ನೆನಪಾಯಿತು, ಕೂಸಿನ ಬೆವರಿದ ತಲೆಯ ವಾಸನೆ ನೆನಪಾಯಿತು. ಅಲ್ಲಿದ್ದಾಗ ಇಲ್ಲಿಗೆ ಎಳೆಯುತ್ತಿತ್ತು, ಈಗ ಇಲ್ಲಿಂದ ಅಲ್ಲಿಗೆ. ಅರ್ಧ ಎದೆ ಎಂಬ ಮಾತು ಕತ್ತಲಲ್ಲಿ ಪಕ್ಕದಲ್ಲೇ ಮಲಗಿತ್ತು. ಅಮೋಲ್ ಸುಳ್ಳು ಹೇಳಿದ್ದ, ಆದರೆ ಹೇಳಿದ ಕಾರಣ ಸುಳ್ಳಲ್ಲ. ಅವನನ್ನು ಪೂರ್ತಿ ಬೈಯಲೂ ಆಗಲಿಲ್ಲ, ಪೂರ್ತಿ ಕ್ಷಮಿಸಲೂ ಆಗಲಿಲ್ಲ.

ಮೇಘಾಳ ಫೋನು ಬಂದಾಗ ಸತ್ಯಮ್ಮ ಬೈಗುಳಕ್ಕೆ ಸಿದ್ಧಳಾಗಿದ್ದಳು. ಮೇಘಾ, "ಆ ಸಾಬೂನಿಲೆ ನಾನೇ ಬಟ್ಟಿ ಒಗದೇನ್ರಿ ಅತ್ತಿ, ನನಗ ಗೊತ್ತಿರ್ಲಿಲ್ಲ" ಎಂದಳು. ಆಮೇಲೆ, "ಭಾಗಿಗಿ ಅಜೀಜಾ ಆಪಾ ನೋಡ್ಕೊಳ್ಲತ್ತಾರ. ನೀವು ಬಂದ್ರ ಚೊಲೋ ಆಗ್ತಿತ್ತು. ಆದ್ರ ನಾ ಬರ್ರಿ ಅನ್ನಂಗಿಲ್ಲ" ಎಂದಳು.

"ಬರ್ತೇನಿ" ಎಂದಳು ಸತ್ಯಮ್ಮ. "ಡಾಕ್ಟರ್ ಕಡಿ ಹೋಗ್ಬೇಕಲ್ಲ. ಈ ಸಲ ಒಳಗ ನಾನೇ ಹೋಗ್ತೇನಿ."

ಡಾಕ್ಟರು ಅಮೋಲ್ ಹೇಳಿದ್ದನ್ನೇ ಹೇಳಿದರು, ಇನ್ನಷ್ಟು ಬಿಡಿಸಿ. ಸತ್ಯಮ್ಮ ಕೇಳಿಸಿಕೊಂಡು ಹೊರಗೆ ಬಂದು, ಬೆಂಚಿನ ಮೇಲೆ ಕೂತು ಬಹಳ ಹೊತ್ತು ಕೈ ನೋಡಿಕೊಂಡಳು. ಬಳೆಯಿಲ್ಲದ, ಗೆಣ್ಣುಗಳಲ್ಲಿ ಎಣ್ಣೆ ಇಂಗಿದ ಕೈ. ಊರಿಗೆ ಬಂದ ಮೇಲೆ ಶಾಲುಬಾಯಿಯನ್ನು ಕರೆದು, "ಇಂಜಿನ್ ಕಲೀತಿಯೇನು?" ಎಂದು ಕೇಳಿದಳು. ಶಾಲುಬಾಯಿ ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿ ಒಪ್ಪಿಕೊಂಡಳು.

ಕಲಿಸುವುದು ಸುಲಭವಾಗಲಿಲ್ಲ. ಶಾಲುಬಾಯಿ ಹ್ಯಾಂಡಲ್ಲಿಗೆ ಹೆದರುತ್ತಾಳೆ. ಕೆಲವು ದಿನ ಬರುತ್ತಾಳೆ, ಮನೆಯಲ್ಲಿ ಕೆಲಸ ಬಿದ್ದರೆ ಬರುವುದಿಲ್ಲ. ಅವಳು ಬಾರದ ದಿನ ಬಾಗಿಲಲ್ಲಿ ಬುಟ್ಟಿಗಳು ಸಾಲುಗಟ್ಟಿದರೆ ಸತ್ಯಮ್ಮ ತಾನೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗುತ್ತಾಳೆ, ಆ ರಾತ್ರಿ ಕೆಮ್ಮುತ್ತಾಳೆ. ಶಾಲುಬಾಯಿ ಬಂದ ದಿನ ಬೇವಿನ ಗಿಡದ ಕೆಳಗೆ, ಧೂಳು ತಲುಪದಷ್ಟು ದೂರದಲ್ಲಿ ಕೂರುತ್ತಾಳೆ. ಕೂತಲ್ಲಿಂದಲೇ ಇಂಜಿನ್ನಿನ ದನಿ ಕೇಳುತ್ತ, "ಶಾಲೂ, ಬೆಲ್ಟ್ ಜಾರ್ಲತ್ತದ ನೋಡು!" ಎಂದು ಕೂಗುತ್ತಾಳೆ. ಒಳಗಿನಿಂದ ಶಾಲುಬಾಯಿ ಏನೋ ಹೇಳುತ್ತಾಳೆ, ಗದ್ದಲದಲ್ಲಿ ಕೇಳಿಸುವುದಿಲ್ಲ. ಸತ್ಯಮ್ಮ ಏಳಲು ಹೋಗಿ, ಕೈಯನ್ನು ನೆಲಕ್ಕೆ ಊರಿ, ಏಳಲೋ ಬೇಡವೋ ಎಂದು ಹಾಗೆಯೇ ಕೂತಿರುತ್ತಾಳೆ.